ಹಿಡಿಯುವ ತನಕ

ಉಡುಪಿಯಿಂದ ಹೊರಟ ಮಿನಿಬಸ್ಸಿನಲ್ಲಿ
ಆಗುಂಬೆಯ ತಿರುವು ತಿರುವಿಗೂ ತುಳುಕುತ್ತ
ಥರ್ಮಾಕೋಲಿನ ಡಬ್ಬದೊಳಗೆ
ಒಂದೂವರೆ ಲೀಟರು ಕಡಲು ಘಟ್ಟ ಹತ್ತಿತು.
ಮೀನಾ, ವಾಸನೆ ಬರ್ತದಾ, ಕಂಡಕ್ಟರು ಕೇಳಿದ.
ಮೀನಲ್ಲ, ಹವಳ ಅಂದೆ.
ತಟ್ಟನೆ ದನಿ ತಗ್ಗಿಸಿದ:
ಹಂಗಾದ್ರೆ ತೊಡೆ ಮೇಲೇ ಇಟ್ಕೊಳ್ಳಿ ಮೇಡಂ.

ಚಿನ್ನದಂಗಡಿಯವಳಲ್ಲ ನಾನು.
ದುರ್ಗಿಗುಡಿಯ ಅಡ್ಡರಸ್ತೆಯೊಂದರ ಮಹಡಿಯಲ್ಲಿ
ಹಲ್ಲಿನ ಸೆಟ್ಟು ಮಾಡುವವಳು.
ಡಾಕ್ಟರು ಅಚ್ಚು ಕಳಿಸುತ್ತಾರೆ;
ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ,
ನಗುವಿಗೊಂದು ಬಿಲ್ಲು ಹಚ್ಚಿ ವಾಪಸು ಕಳಿಸುತ್ತೇನೆ.
ಯಾರ ಬಾಯಿಗೆ ಎಂದು ನೋಡಿದವಳಲ್ಲ.

ಗಂಗಾ ಸ್ನಾನ, ತುಂಗಾ ಪಾನ. ಗೊತ್ತು.
ಊರೆಲ್ಲ ಕುಡಿಯುವ ಆ ಸಿಹಿಯನ್ನು
ಸೋಸಿ ಸೋಸಿ ಏನೂ ಅಲ್ಲದ ನೀರು ಮಾಡಿ
ಬಕೆಟ್ಟಿಗೆ ಏಳುನೂರು ಗ್ರಾಂ ಉಪ್ಪು ಸುರಿದು
ಸೌಟಿನಿಂದ ತಿರುವುತ್ತೇನೆ.
ಹೊಳೆಗೆ ಉಪ್ಪು ಹಾಕೋ ಪಾಪ ಯಾಕೇ ನಿನಗೆ, ಅಂಬುಜತ್ತೆ ಕೇಳುತ್ತಾಳೆ.
ಅವಳ ಬೆರಳಿಗೂ ಹವಳವಿದೆ, ಕುಜನನ್ನು ಸುಮ್ಮನಿರಿಸಲು ಕಟ್ಟಿಸಿದ್ದು;
ಐವತ್ತು ವರ್ಷದಿಂದ ಅದೇ ಕೆಂಪು, ಅದೇ ಅಳತೆ.
ನನ್ನದಕ್ಕೆ ಹಸಿವಿದೆ. ಸಿಟ್ಟಿದೆ.
ಮುಟ್ಟಿದರೆ ಲೋಳೆ ಬಿಟ್ಟು
ಅಷ್ಟೂ ಮುಖಗಳನ್ನು ಒಳಗೆಳೆದುಕೊಳ್ಳುತ್ತದೆ.

ಐವನ್ ತನ್ನ ತೊಟ್ಟಿಯ ತಾಯಿಯಿಂದ
ಮುರಿದುಕೊಟ್ಟದ್ದು ಮೂರು ತುಂಡು.
ಲ್ಯಾಬಿನದೇ ಚಿಮಟ, ಲ್ಯಾಬಿನದೇ ಕಟರು.
ಬಂಡೆಯ ಪಾಚಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ,
ಎರಡು ಬಣ್ಣದ ಹಿಟ್ಟನ್ನು ಒಂದೇ ಬಣ್ಣವಾಗುವಷ್ಟು ನಾದಿ,
ಹುಣಸೆಬೀಜದಷ್ಟು ಉಂಡೆ, ಮೇಲೊಂದು ತೊಟ್ಟು ಅಂಟು,
ಮೊಳಕೈವರೆಗೆ ಕಡಲಿಗಿಳಿದು
ಹೆಬ್ಬೆರಳಿನಿಂದ ಒತ್ತಿ ಹಿಡಿದು ಅರವತ್ತು ಎಣಿಸಿದೆ.
ಬಿಟ್ಟೆ. ನಿಂತಿತು.
ಇನ್ನೊಂದು. ನಿಂತಿತು.
ಮೂರನೆಯದು ಯೋಚಿಸಿ ವಾಲಿತು.

ರಾತ್ರಿ ಕರೆಂಟು ಹೋಯಿತು. ಪಂಪು ನಿಂತಿತು.
ಅಲೆಯಿಲ್ಲದೆ ಇವಕ್ಕೆ ಉಸಿರಿಲ್ಲ.
ಟಾರ್ಚನ್ನು ಹಲ್ಲಲ್ಲಿ ಕಚ್ಚಿ
ಬಟ್ಟಲಲ್ಲಿ ಮೊಗೆದೆ, ಎತ್ತರದಿಂದ ಸುರಿದೆ, ಮೊಗೆದೆ,
ಒಂದೂಕಾಲರಿಂದ ಮೂರೂವರೆ ತನಕ
ಗಾಳಿಯೂ ನಾನೇ, ಚಂದ್ರನೂ ನಾನೇ.
ಭುಜ ಬಿದ್ದುಹೋಗಿತ್ತು. ಮೂರನೆಯ ತುಂಡೂ ಬಿದ್ದಿತ್ತು:
ಶಂಖದ ಹುಳವೊಂದು ತನ್ನ ಪಾಡಿಗೆ ಹೋಗುತ್ತ
ಭುಜ ತಾಗಿಸಿತ್ತು.
ಮತ್ತೆ ನಾದಿದೆ. ಮತ್ತೆ ಅರವತ್ತು.

ಆ ವಾರವೇ ಹೊಳೆಹೊನ್ನೂರಿನ ಮುದುಕರೊಬ್ಬರು
ಡಾಕ್ಟರ ಬಳಿ ಹೋಗದೆ ಸೀದಾ ನನ್ನ ಮೆಟ್ಟಿಲು ಹತ್ತಿ
ಕರವಸ್ತ್ರದ ಗಂಟು ಬಿಚ್ಚಿ ನಾನು ಕೂರಿಸಿದ ಹಲ್ಲು ತೋರಿಸಿದರು.
ಬಾಯೊಳಗೆ ನೆಂಟರು ಬಂದು ಕೂತಂಗಿದೆ ಕಣಮ್ಮ,
ಉಂಡು ಏಳೋದೇ ಇಲ್ಲ.
ಹದಿನೈದು ದಿನ ತಡೀರಿ, ಹಿಡ್ಕೊಳ್ಳುತ್ತೆ ಅಂದೆ.
ಯಾವುದು ಯಾವುದನ್ನ?
ಅವರು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ನಲವತ್ತನೆಯ ದಿನ, ಬುಡದಲ್ಲಿ,
ಕತ್ತರಿಸಿದ ಉಗುರಿನಷ್ಟು ತೆಳ್ಳಗೆ ನೇರಳೆ.
ಅಂಟನ್ನು ದಾಟಿ ಬಂಡೆ ಮುಟ್ಟಿದೆ.
ಅಂಟು ಎಂದೂ ಹಿಡಿದಿರಲಿಲ್ಲ;
ಇದು ಹಿಡಿಯುವ ತನಕ
ಹಿಡಿದಿದ್ದೇನೆ ಎಂದು ಸುಳ್ಳು ಹೇಳುತ್ತಿತ್ತು, ಅಷ್ಟೆ.

ರೇಷನ್ ಅಂಗಡಿಯ ಯಂತ್ರ ಮಾತ್ರ ನನ್ನನ್ನು ಒಪ್ಪುತ್ತಿಲ್ಲ.
ಒರೆಸಿ ಒತ್ತಿ. ಇನ್ನೊಂದ್ಸಲ. ಹೆಬ್ಬೆಟ್ಟು ಬರ್ತಿಲ್ಲ ಮೇಡಂ.
ಒಣಗಿದ ಅಂಟಿನಡಿ ಗೆರೆಗಳು ಮಾಯ.
ಅದು ಮನೆಯಲ್ಲಿದೆ ಮಾರಾಯ,
ನೀರಿನೊಳಗೆ, ಮೂರನೆಯ ಹುಣಸೆಬೀಜದ ಮೇಲೆ
ಸುಳಿ ಸಮೇತ ಒತ್ತಿಬಂದಿದ್ದೇನೆ;
ಈ ಹೊತ್ತಿಗೆ ಅರ್ಧ ಗೆರೆಗಳ ಮೇಲೆ
ನೇರಳೆ ಹರಿದಿರಬೇಕು.

ಎಡಗೈಯದು ಕೊಡಿ ಅಂದ.
ಕೊಟ್ಟೆ.
ಐದು ಕೆಜಿ ಅಕ್ಕಿ.