ಅದರ್ಸ್: ಒಂದು

ಹನ್ನೊಂದು ವರ್ಷ ಇಸ್ತ್ರಿ ಹೊಡದೆ
ಗುದೈಬಿಯಾದ ಈ ಓಣಿಯಾಗ.
ಉಗಿಗೆ ಭಾಷಾ ಬೇಕಿರಲಿಲ್ಲ.
ಮೊಣಕೈ ಸೆಟೆದ ಮ್ಯಾಲ ಮಾಲಕ ತಂದು
ಮುಂದಿನ ಕೌಂಟರಿಗೆ ಕೂಡಿಸಿದ:
"ಗ್ಯಾನಪ್ಪ, ಇನ್ನ ನೀ ಚೀಟಿ ಬರಿ. ಇಂಗ್ಲಿಷಿನಾಗ."

ಕಲಿಸಿದಾಕಿ ಮಾರಿವಿಕ್,
ಬಾಜೂಕಿನ ಟೇಲರ್ ಅಂಗಡಿಯಾಕಿ.
ಒಂದೊಂದು ಅರಿವಿ ಎತ್ತಿ ಹಿಡಿದು
ಸಾಲ್ಯಾಗ ಹಾಜರಿ ಕರದಂಗ ಒದರತಿದ್ದಳು:
ಕಾಲರ್. ಕಫ್. ಸ್ಲೀವ್. ಹೆಮ್.
ಎಲ್ಲಾ ಗುರುತಿನವೇ.
ಎಲ್ಲಿ ಬೆವರು ಹಳದಿ ಆಗತೈತಿ,
ಎಲ್ಲಿ ಮಡಿಕಿ ಮಾತು ಕೇಳೂದಿಲ್ಲ, ಗೊತ್ತಿತ್ತು.
ಮ್ಯಾಲಿನ ಮಂಚದಾಗ ಮಲಗೋವನ ಹೆಸರು
ಹನ್ನೊಂದು ವರ್ಷಕ್ಕ ಕೇಳಿದಂಗಾತು.

"ಎ ಪೇರ್ ಆಫ್ ಟ್ರೌಸರ್ಸ್" ಅಂದ್ಲು.
ಪೇರ್ ಅಂದ್ರ ಜೋಡಿ. ಎತ್ತಿಂದು, ಚಪ್ಪಲಿದು.
ನಾ ಎರಡು ಅಂತ ಬರದು ಎಂಟುನೂರು ಫಿಲ್ಸ್ ಹಚ್ಚಿದೆ.
ಸಾಲಿ ಮಾಸ್ತರ, ಉದ್ದಾನ ಬಿಳಿ ಮನಷ್ಯಾ,
ಚೀಟಿ ತಿರುವಿ ಮುರುವಿ ನೋಡಿದ.
ಬಗ್ಗಿ ತನ್ನ ಕಾಲು ಎಣಿಸಿದ: ಒನ್, ಟೂ.
ಎದಿ ಮುಟ್ಟಿಕೊಂಡ: ಒನ್ ಮ್ಯಾನ್.
ನಕ್ಕ.
ರೊಕ್ಕ ಮಾತ್ರ ನಾಕುನೂರೇ ಕೊಟ್ಟ.

ಆಮ್ಯಾಲ 'ವೇರ್' ಬಂತು.
ಅಂಗಿ ವೇರ್, ಬೂಟು ವೇರ್, ಬಳಿ ವೇರ್,
ಕನ್ನಡಕ ವೇರ್, ಹೂವೂ ವೇರ್, ಅತ್ತರೂ ವೇರ್.
"ಎಲ್ಲಾದಕ್ಕೂ ಒಂದೇ?"
"ಎಲ್ಲಾದಕ್ಕೂ."
ಸೀರಿ ಉಡತೀವಿ, ಅಂಗಿ ತೊಡತೀವಿ,
ಬಳಿ ಇಟ್ಟು ಹೂ ಮುಡಿದು
ರುಮಾಲು ಸುತ್ತಿ ಚಪ್ಪಲಿ ಮೆಟ್ಟಿ
ಕಡೀಕ ಕಂಬಳಿ ಹೊಚ್ಚಿ ಮಲಗತೀವಿ.
ಇದನ್ನ ಈಕಿಗೆ ಹೆಂಗ ಹೇಳ್ಲಿ?
ಸವದು ಜಾಳಾದ ಬಟ್ಟಿಗೂ ಅದೇ ಮಾತಂತ, ವೋರ್ನ್.
ಉಟ್ಟದ್ದಕ್ಕೂ ಸವದದ್ದಕ್ಕೂ ಒಂದೇ ಹೆಸರು ಇಟ್ಟಾಂವ
ಯಾರೋ ಇಸ್ತ್ರಿ ಹೊಡದಾಂವನೇ ಇರಬೇಕು.

ಗುರುವಾರ ಸಂಜಿಕ
ಡ್ರೈವರ್ ಹುಡುಗ ಒಂದು ಚೀಲ ಒಗದು ಹೋದ.
ಬಿಚ್ಚಿದ್ರ, ಕೆಂಪು ಸೆರಗು, ತೋಪ ತೆನಿ,
ಚಿಕ್ಕಿ ಪರಾಸ ದಡಿ.
ಕಮತಗಿಯ ನಮ್ಮ ಮಗ್ಗದ ಕುಣಿಯಾಗ
ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ
ಅವ್ವ ಕೂಡಿಸ್ತಿದ್ದಂಥಾದ್ದು.
ಬೆರಳಿಟ್ಟೆ. ಕೊಂಡಿ ಸಿಕ್ಕಿತು.
ಚೀಟಿಯಾಗ ಮನಿ ಸಿಗಲಿಲ್ಲ:
ಶರ್ಟ್, ಥೋಬ್, ಅಬಾಯಾ, ಗುತ್ರಾ, ಬೆಡ್‌ಶೀಟ್,
ಎಲ್ಲಾರಕಿಂತ ಕೆಳಗ ಅದರ್ಸ್.

"ಸ್ಲೀವ್ ಇಲ್ಲ, ಬಟನ್ ಇಲ್ಲ, ಜಿಪ್ ಇಲ್ಲ,"
ಮಾರಿವಿಕ್ ಅಂದ್ಲು, "ಹೆಂಗ ವೇರ್ ಮಾಡೂದು?"
ತನ್ನ ಅಂಗಡಿಯ ತಲಿಯಿಲ್ಲದ ಗೊಂಬಿ ಹೊತಗೊಂಡು ಬಂದ್ಲು.
ಐವತ್ತೆರಡರ ಗಂಡಸು ನಾನು
ಜನ್ಮದಾಗ ಮೊದಲ ಸಲ ನಿರಿಗಿ ಹಿಡಿದೆ.
ನೋಡಿ ನೋಡಿ ಕೈಗೆ ಗೊತ್ತಿತ್ತು ಅಂತ
ಕೈಗೇ ಗೊತ್ತಿರಲಿಲ್ಲ.
ನಿರಿಗಿಗೆ ಪ್ಲೀಟ್ ಅಂದ್ಲು. ಬರಕೊಂಡೆ.
ಸೆರಗಿಗೆ, ಫೋನಿನಾಗ ಹುಡುಕಿ, ಎಂಡ್ ಪೀಸ್.
ತುದಿ ತುಂಡು! ಆತು, ಬರಕೊಂಡೆ.
ಮುಂದ ಸೆರಗಿನ ಮಡಿಲು ಹಿಡಿದು ತೋರಿಸಿದೆ,
ಉಡಿ. ಇದಕೇನಂತೀರಿ?
ಒಳಗ ಇಣುಕಿ ನೋಡಿದ್ಲು ಪಾಪ.
"ಅಲ್ಲೇನೂ ಇಲ್ಲಲ್ಲ?"

ಬರದೆ: ಅದರ್ಸ್, ಒಂದು.
ಕಂಡೀಷನ್ ಅನ್ನೋ ಮನಿಯಾಗ: ವೋರ್ನ್.
ಉಟ್ಟದ್ದೋ ಸವದದ್ದೋ
ಓದಿದಾಂವಗ ಬಿಟ್ಟದ್ದು.

ಒಂಬತ್ತೂವರೆತನಾ ಬಿಚ್ಚಲಿಕ್ಕೆ
ಇಬ್ಬರಿಗೂ ಮನಸ್ಸಾಗಲಿಲ್ಲ.
ತಲಿಯಿಲ್ಲದಾಕಿ ಸೀರಿ ಉಟಗೊಂಡು
ಗಾಜಿನ ಹಿಂದ ನಿಂತಿದ್ಲು;
ಟ್ಯಾಕ್ಸಿಯೊಂದು ಹಾರ್ನ್ ಹೊಡದು, ತಡದು,
ಮುಂದ ಹೋತು.