ಕರ್ತೃವಿನ ಹೆಸರು (ಕಡ್ಡಾಯ)

ವಾಸ್ಕೋದ ಬೈನಾ ದಂಡಿಗೆ, ರೇಲ್ವೆ ಗೇಟಿನ ಹಿಂದ
ನಂದೊಂದು ಅಂಗಡಿ. ಮೊದಲು ಬೋರ್ಡಿತ್ತು:
'ಇಲ್ಲಿ ಹಾಡು, ಸಿನಿಮಾ ತುಂಬಿಕೊಡಲಾಗುವುದು.'
ತುಂಬತಿದ್ದೆ. ಉಗುರಿನಷ್ಟು ಕಾರ್ಡಿನಾಗ
ಮೂವತ್ತು ರೂಪಾಯಿಗೆ ನಾಕು ಪಿಕ್ಚರು, ನೂರು ಹಾಡು,
ಮ್ಯಾಲೊಂದು ಭಜನಿ ಪುಕ್ಕಟ.
ಗದಗಿನವರು, ಬಾದಾಮಿಯವರು, ಸಿಂದಗಿ ಕಡೆ ಗೌಂಡಿಗಳು
ರವಿವಾರ ಸಂಜೀಕ ಸಾಲು ಹಚ್ಚತಿದ್ರು,
ಅಂಗೈಯಾಗ ಸಿಮೆಂಟು, ಸಿಮೆಂಟಿನಾಗ ಕಾರ್ಡು.

ಒಂದಿನ ಪೊಲೀಸರು ಬಂದ್ರು. ಕಳ್ಳಮಾಲು ಅಂದ್ರು.
ಕಂಪ್ಯೂಟರ್ ಹೊತ್ತರು, ಮೌಸನ್ನೂ ಬಿಡಲಿಲ್ಲ.
ಜೀಪು ಹತ್ತೂ ಮೊದಲು ಒಬ್ಬ ಹವಾಲ್ದಾರ
ಮೆತ್ತಗ ಕೇಳಿದ: 'ಆ ಹೊಸಾದು, ಕೊಂಕಣಿದು, ಐತೇನು?'
ಅವತ್ತಿಂದ ನಾ ಪ್ರಾಮಾಣಿಕ. ರೀಚಾರ್ಜು, ಕವರು, ಗಾಜು.

'ಖರೇ ದಾರೀಲೆ ನೋಡು' ಅಂತ ಶಿವಪುತ್ರಗ ನಾನ ಹೇಳಿದೆ.
ನೂರಾ ಇಪ್ಪತ್ತು ಕೊಟ್ಟು ಬಾಡಿಗಿಗೆ ಒಂದು ಪಿಕ್ಚರ್ ತಗೊಂಡ.
ಸ್ಲ್ಯಾಬ್ ಹಾಕೂದಿತ್ತು, ಹಗಲೂ ರಾತ್ರಿ ಡ್ಯೂಟಿ.
ಹೀರೋ ಜೈಲಿನಿಂದ ಹೊರಗ ಬರೂ ಹೊತ್ತಿಗೆ
ನಲವತ್ತೆಂಟು ತಾಸು ಮುಗದಿತ್ತು.
'ಬಾಕಿ ಕಥಿ ನೀ ಹೇಳೋ ದಾವಲಣ್ಣಾ' ಅಂದ.
ಹೇಳಿದೆ. ಅದಕ್ಕ ಯಾವ ಕಲಮು ಹತ್ತತೈತೋ ಗೊತ್ತಿಲ್ಲ.

ಹುಲಿಗೆವ್ವನ ಮಾತು ಬ್ಯಾರೆ.
ಆಕಿ ಮಗನ ತೊಟ್ಟಿಲಕ್ಕ ಅವ್ವ ಫಕೀರವ್ವ
ರೋಣದಿಂದ ಬಂದಾಕಿ, ಪತ್ರಾ ಶೆಡ್ಡಿನಾಗ ಕುಂತು
ಬೀಸೂ ಪದ ಹಾಡಿದಳು:
'ಹಿಟ್ಟಿನಂಥಾ ಬೆಳದಿಂಗಳ
ಬೀಸಿದಾಕಿ ಯಾರ ಹೇಳ...'
ಮಗಳು ಫೋನಿನಾಗ ಹಿಡದಳು.
ಇಚಲಕರಂಜಿ ತಂಗಿ ಕೇಳಲಿ ಅಂತ
ನನ್ನ ಕೈಲೇ ನೆಟ್ಟಿಗೆ ಏರಿಸಿದಳು.

ಮೂರನೇ ದಿನ ದನಿ ಇಲ್ಲ.
ಬಾಯಿ ತೆರಿತೈತಿ, ಮುಚ್ಚತೈತಿ. ನತ್ತು ಅಳ್ಳಾಡತೈತಿ.
ತೊಟ್ಟಿಲು ತೂಗತೈತಿ, ಗಪ್‌ಚಿಪ್.
ಕೆಳಗ ಸಣ್ಣ ಅಕ್ಷರ: ಈ ಹಾಡು ಇಂಥಾ ಕಂಪನಿ ಸ್ವತ್ತು.
'ಯಾರ ಮನಿ ಕಂಪನಿ? ನಮ್ಮ ಹಿಟ್ಟು ಬೀಸ್ಯಾರೇನು?'
ಅಂತ ಹುಲಿಗೆವ್ವ ನನ್ನ ಮ್ಯಾಲೆ ಏರಿ ಬಂದಳು,
ನಾನ ಮಾರಿದಂಗ.

ತಕರಾರು ಅರ್ಜಿ ತುಂಬಿದೆ.
ವಿಳಾಸ: ಗೇಟಿನ ಹಿಂದ, ನೀರಿನ ಟಾಕಿ ಹತ್ತರ. ತಗೊಳ್ಳಲಿಲ್ಲ.
ಪಿನ್ ಕೋಡ್ ಹಾಕಿದೆ, ತಗೊಂತು.
ಕರ್ತೃವಿನ ಹೆಸರು. ಮುಂದ ಕೆಂಪು ಚುಕ್ಕಿ.
ಊರಿಗೆ ಫೋನ್ ಹಚ್ಚಿದಿವಿ. 'ಯವ್ವಾ, ಈ ಪದಾ ಬರದಾವರು ಯಾರು?'
'ಬರದಾವರಾ? ನಮ್ಮತ್ತಿಗೆ ಓದಾಕ ಬರತಿದ್ದಿಲ್ಲ.
ಕಲ್ಲು ತಿರಗತಿತ್ತು, ಪದಾ ಬೀಳತಿತ್ತು.'
'ಬೀಸುಕಲ್ಲು' ಅಂತ ಬರದೆ.
ಅಡ್ಡಹೆಸರು ಕೇಳ್ತು. ರೋಣ ಅಂತ ಹಾಕಿದೆ.

ತಿಂಗಳ ಮ್ಯಾಲೆ ಉತ್ತರ ಬಂತು, ಇಂಗ್ಲಿಷಿನಾಗ, ಬಾಳ ಮರ್ಯಾದಿಲೆ:
ಕಂಪನಿ ತನ್ನ ಹಕ್ಕು ಮತ್ತೊಮ್ಮೆ ಖಾತ್ರಿ ಮಾಡೇತಿ.
ಅಷ್ಟರಾಗ ಫೋನಿನಾಗ ಜಾಗಾ ಇಲ್ಲಂತ
ಹುಲಿಗೆವ್ವನ ಗಂಡ ಮೂಲಾನ ಅಳಿಸಿಬಿಟ್ಟಿದ್ದ,
ನೆಟ್ಟಿನಾಗ ಐತೆಲ್ಲಾ, ಅಂತ.
'ಮತ್ತೊಮ್ಮೆ ಹಾಡಬೇ' ಅಂದ್ರ ಫಕೀರವ್ವ ಒಲ್ಲೆಂದಳು:
'ಒಮ್ಮೆ ಹಾಡಿದ್ದು ಅವರದಾತಲ್ಲ.
ಇನ್ನೊಮ್ಮೆ ಹಾಡಿ ಅದನೂ ಅವರಿಗೆ ಕೊಡಲ್ಯಾ?'

ನಿನ್ನಿ ರಾತ್ರಿ, ಅಂಗಡಿ ಮುಚ್ಚೂ ಹೊತ್ತಿಗೆ ಬಂದಳು ಮಗಳು.
ಸ್ಟೂಲ್ ಮ್ಯಾಲೆ ಕುಂತು ಆ ಮೂಕ ವಿಡಿಯೋ ಹಚ್ಚಿ
ತಾನ ಹಾಡಾಕ ಹತ್ತಿದಳು, ಅವ್ವನ ತುಟಿ ನೋಡಿಕೊಂತ.
ಕೂಡಲಿಲ್ಲ. ಬಾಯಿ ಮುಂದ, ದನಿ ಹಿಂದ.
ಹೊರಗ ಕಲ್ಲಿದ್ದಲಿನ ಗೂಡ್ಸ್ ಗಾಡಿ ಬಂತು, ಐವತ್ತೆಂಟು ಡಬ್ಬಿ.
ಆಕಿ ತಡದಳು. ಗಾಡಿ ದಾಟಿತು. ಮೊದಲಿಂದ ಹಿಡದಳು.

ಮುಗದ ಮ್ಯಾಲೆ ಕೇಳಿದಳು:
'ಈಗ ನಾ ಹಾಡಿದ್ನೆಲ್ಲಾ, ಇದಕ್ಕೂ ರೊಕ್ಕ ಕೊಡಬೇಕೇನೋ ಅಣ್ಣಾ?'
ನಗಬೇಕಂದೆ.
ಆದರ ಕೈ ತಾನ ಹೋಗಿ
ಶಟರ್ ಅರ್ಧ ಇಳಿಸಿತ್ತು.