ಪೆನ್ಸಿಲ್ ನಿಲ್ಲದ ಕಿವಿ

ಮೂವತ್ತೊಂದು ವರ್ಷ ಈ ಬಲಗಿವಿಯ ಸಂದಿಯಲ್ಲಿ
ಪೆನ್ಸಿಲ್ಲೊಂದು ಬಾಡಿಗೆ ಕೊಡದೆ ವಾಸವಿತ್ತು.
ಕೆಂಪು ಬಣ್ಣದ್ದು, ಚಪ್ಪಟೆ, ನಮ್ಮ ಬಡಗಿ ಪೆನ್ಸಿಲ್ಲು.
ಅಳತೆ ಹಿಡಿದ ಕೈ ತಾನಾಗಿ ಮೇಲೇರಿ
ಗೀಟೆಳೆದು ತಾನಾಗಿ ವಾಪಸಿಡುತ್ತಿತ್ತು.
ಈಗ ಇಟ್ಟರೆ ಜಾರುತ್ತದೆ.
ಸಂದಿಯೇ ಇಲ್ಲ.

ಮೊದಮೊದಲು ಹೊಟ್ಟು ಅಂದರು.
ಟಿಂಬರ್ ಯಾರ್ಡಿನಲ್ಲಿ ಯಾರ ಮೈಮೇಲೆ ಹೊಟ್ಟಿಲ್ಲ?
ಮರದ್ದೋ ಚರ್ಮದ್ದೋ, ಕೊಡವಿಕೊಂಡರಾಯಿತು.
ತುರಿಕೆಗೆ ಪೆನ್ಸಿಲ್ಲಿನ ಹಿಂಬದಿ ಒದಗುತ್ತಿತ್ತು;
ಆ ಸುಖವನ್ನು ಬಾಯಿಬಿಟ್ಟು ಹೇಳಬಾರದು.
ಆಮೇಲೆ ರಸಿಗೆ, ರಸಿಗೆಯ ಮೇಲೆ ಹಕ್ಕಳೆ,
ಹಕ್ಕಳೆ ಕಿತ್ತರೆ ಮತ್ತೆ ರಸಿಗೆ.

ಒಂದು ಡಿಸೆಂಬರಿನಲ್ಲಿ ಊದಿತು. ಇಳಿಯಿತು.
ಮರುವರ್ಷ ಊದಿತು. ಇಳಿಯಿತು, ಆದರೆ
ಪೂರಾ ಇಳಿಯಲಿಲ್ಲ.
ಈ ಊರಿನ ಬಾಡಿಗೆಯ ಹಾಗೆ
ಏರಿದ್ದರಲ್ಲಿ ಒಂದಿಷ್ಟು ಅಲ್ಲೇ ಉಳಿಯಿತು.
ಹನ್ನೆರಡು ವರ್ಷಕ್ಕೆ ಈ ಆಕಾರ:
ಎಡಗಿವಿ ಅಪ್ಪನದು, ತೆಳು, ಚೂಪು.
ಬಲಗಿವಿ ಯಾರದೋ.

"ಮೇಸ್ತ್ರಿ ಕಿವಿ ಹಿಂಡಿದವರು ಯಾರಪ್ಪಾ?"
ಲಾರಿಯ ಮೇಲಿಂದ ಚಿಕ್ಕರಂಗ ಕೂಗುತ್ತಾನೆ.
ನಗುತ್ತೇನೆ.
ಮನೆ ಓನರ್ ದೇವೀರಮ್ಮ ನಗಲಿಲ್ಲ.
"ದೊಡ್ಡ ರೋಗ ಏನೂ ಅಲ್ಲ ತಾನೆ?"
ಬಾಗಿಲ ಆಚೆಯಿಂದಲೇ ಕೇಳಿದರು.
ಎತ್ತಿಕೊಟ್ಟ ನೀರಿನ ಕ್ಯಾನು ಮುಟ್ಟಲಿಲ್ಲ.
ಆ ಬಾಗಿಲು ನಾನೇ ಮಾಡಿದ್ದು, ಹೊನ್ನೆ ಮರ.
ಅದರ ಚಿಲಕ ಬಿದ್ದ ಸದ್ದು
ಊದಿದ ಕಿವಿಗೇ ಮೊದಲು ಕೇಳಿಸಿತು.

ವಿಕ್ಟೋರಿಯಾ, ಚರ್ಮದ ವಿಭಾಗ, ಚೀಟಿ ನೂರ ಹದಿನಾಲ್ಕು.
ಕಡಲೆಬೇಳೆಯಷ್ಟು ಚೂರು ಕತ್ತರಿಸಿ ಬಾಟಲಿಗಿಳಿಸಿದರು.
ಮೂರು ವಾರದ ಮೇಲೆ
ನಿಶ್ಚಲಾ ಅಂತ ಬಿಲ್ಲೆ ಹಾಕಿಕೊಂಡ ಎಳೆ ಡಾಕ್ಟರು
ಒಂದೊಂದೇ ಬೆರಳು ಮಡಚಿದರು:
ಆ ರೋಗವಲ್ಲ. ಗೆಡ್ಡೆಯಲ್ಲ. ಯಾರಿಗೂ ಅಂಟುವುದಿಲ್ಲ.
ಸೋರಿಯಾಸಿಸ್. ಚರ್ಮ ಉರಿದೂ ಉರಿದೂ
ಒಳಗಿನ ಸಣ್ಣ ಕಾಲುವೆಗಳು ಮುಚ್ಚಿಹೋಗಿವೆ,
ನೀರಿಗೆ ದಾರಿಯಿಲ್ಲ, ನಿಂತಲ್ಲೇ ಗಟ್ಟಿಯಾಗಿದೆ.

ಗೊತ್ತು ಬಿಡಿ ತಾಯಿ, ಅಂದೆ.
ನಮ್ಮ ಬೀದಿಗೂ ಇದೇ ಕಾಯಿಲೆ.
ರಾಜಕಾಲುವೆಯ ಮೇಲೆ ಮೂರಂತಸ್ತು ಎದ್ದಿದೆ.
ಅರ್ಧ ಗಂಟೆ ಮಳೆ ಸುರಿದರೆ ವೃಷಭಾವತಿ
ಒಳಗೆ ಬಂದು ಉಳಿ, ಕೀಸುಳಿ ಎಲ್ಲ ಮುಟ್ಟಿ ನೋಡಿ ಹೋಗುತ್ತಾಳೆ.
ಹೋಗುತ್ತಾಳೆ ಅನ್ನುವುದು ಸುಳ್ಳು. ನಿಲ್ಲುತ್ತಾಳೆ.
ಡಾಕ್ಟರು ನಕ್ಕರು. ಆಮೇಲೆ ಮೆಲ್ಲಗೆ,
ನಮ್ಮ ಮನೆಯೂ ಕೆರೆಯಂಗಳದಲ್ಲೇ, ಅಂದರು.

ಊದಿದ ಬಾಗಿಲಿಗೆ ಉಪಾಯವಿದೆ.
ತಿರುಗಣಿ ಬಿಚ್ಚಿ, ಮಲಗಿಸಿ, ಅಂಚು ಕೀಸಿದರೆ
ಸುರುಳಿ ಸುರುಳಿಯಾಗಿ ಉದುರುತ್ತದೆ ಹೆಚ್ಚಾದದ್ದು.
ಇದಕ್ಕೂ ಹಾಗೆ ಆಗದೇ?
ಕೊಯ್ದು ಸಣ್ಣದು ಮಾಡಬಹುದು; ಮೊದಲು ಉರಿ ಆರಲಿ,
ಇಲ್ಲದಿದ್ದರೆ ಮತ್ತೆ ಊದುತ್ತದೆ ಅಂದರು.
ನ್ಯಾಯವೇ. ಹಸಿ ಮರಕ್ಕೆ ನಾವೂ ಕೀಸುಳಿ ಹಾಕುವುದಿಲ್ಲ.

ಈಗ ರಾತ್ರಿ ಒಂಬತ್ತಕ್ಕೆ ಮುಲಾಮು.
ಸುಲೋಚನೆ ಹಚ್ಚುತ್ತಾಳೆ. ಹಚ್ಚಿ
ಕಿವಿಯಿಂದ ಕತ್ತಿನತ್ತ ಹಗುರಾಗಿ ಸವರುತ್ತಾಳೆ,
ದಾರಿ ತಪ್ಪಿದ ನೀರಿಗೆ ಇತ್ತ ಬಾ ಅನ್ನುವ ಹಾಗೆ.
ಮದುವೆಯಾಗಿ ಇಪ್ಪತ್ತೆರಡು ವರ್ಷ,
ಇಷ್ಟು ಹೊತ್ತು ನನ್ನ ಕಿವಿ ಅವಳ ಕೈಗೆ ಸಿಕ್ಕಿರಲಿಲ್ಲ.
ಎದ್ದು ಹೋಗುವಂತಿಲ್ಲ. ಹೇಳುತ್ತಾಳೆ:
ತಮ್ಮನ ಸಾಲ, ಮುಗಿದ ಗ್ಯಾಸು,
ಮಗಳ ಓಲೆ ಅಡವಿಟ್ಟ ಚೀಟಿಯ ತಾರೀಖು,
ಹಸಿರು ಸೀರೆ ಉಟ್ಟ ದಿನ ನಾನು ಏನೂ ಅನ್ನದೆ ಇದ್ದದ್ದು,
ಅದು ಯಾವ ಕಾಲದ್ದೋ.
"ಕೇಳ್ತಿದೆಯಾ?"
ಕೇಳುತ್ತಿದೆ. ಕೇಳುವುದಕ್ಕೇನೂ ಆಗಿಲ್ಲ.

ಪೆನ್ಸಿಲ್ಲು ಜೇಬಿಗೆ ಬಂದಿದೆ.
ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ಅಳತೆ ಹಿಡಿದೊಡನೆ ಎದ್ದು ಕಿವಿಯವರೆಗೆ ಹೋಗಿ
ಬಿಸಿ ಮಾಂಸ ತಾಕಿ
ಮನೆ ಖಾಲಿ ಮಾಡಿಸಿದವನ ಹಾಗೆ ಒಂದು ಗಳಿಗೆ ನಿಂತು
ಕೆಳಗಿಳಿಯುತ್ತದೆ.

ನಿನ್ನೆ ಟೇಪು ಹಿಡಿದು ಅಳೆದೆ:
ಅರ್ಧ ನೂಲು ಇಳಿದಿದೆ.
ಸುಲೋಚನೆ ಕನ್ನಡಕ ಏರಿಸಿ ನೋಡಿ,
"ಟೇಪು ಸಡಿಲ ಬಿಟ್ಟಿದ್ದೀರ" ಅಂದಳು.